ಚಿನ್ನದ ಮೂತಿಯ ಅಜ್ಜಿ

ನೀರಿನ ಬಿಲ್ಲಿನ ವಿಭಾಗದ ಹಿರಿಯ ಗುಮಾಸ್ತರಿಗೆ ತಲೆಗೂದಲು ನರೆಯುವವರೆಗೂ ಯಾವ ಚಟವೂ ಇರಲಿಲ್ಲ. ಬೀಡಿ ಇಲ್ಲ, ಇಸ್ಪೀಟು ಇಲ್ಲ, ಸಂಜೆ ಮೇಲೆ ಕಟ್ಟೆ ಪುರಾಣವೂ ಇಲ್ಲ. ಅವರ ಹೆಂಡತಿ ನೆಂಟರಿಷ್ಟರ ಮುಂದೆ ಈ ಮಾತನ್ನು ಹೇಳುವಾಗ ಅದು ಹೊಗಳಿಕೆಯೋ ದೂರೋ ಎಂದು ಗುಮಾಸ್ತರಿಗೆ ಒಮ್ಮೆಯೂ ಗೊತ್ತಾಗುತ್ತಿರಲಿಲ್ಲ.

ಅವರನ್ನು ಕೆಡಿಸಿದ್ದು ಹೊಸದಾಗಿ ಬಂದ ಮೇಲಧಿಕಾರಿ. ಮೊದಲ ದಿನವೇ ಗುಮಾಸ್ತರ ಸಹಿಯನ್ನು ಮೇಲೆ ಕೆಳಗೆ ತಿರುಗಿಸಿ ನೋಡಿ, ಏನೆಂದು ಓದಲಾಗದೆ, ಏನಾದರೂ ಹೇಳಬೇಕಲ್ಲ ಎಂದು, "ನಿಮ್ಮ ಸಹಿಯಲ್ಲಿ ಒಂದು ವ್ಯಕ್ತಿತ್ವ ಇದೆ ಕಣ್ರೀ" ಅಂದುಬಿಟ್ಟರು. ಗುಮಾಸ್ತರು ಅದನ್ನು ನಂಬಿದರು. ವ್ಯಕ್ತಿತ್ವ ಇದೆ ಎಂದು ಅವರಿಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಅದು ಸಹಿಯಲ್ಲಾದರೂ ಇದೆಯಲ್ಲ ಎಂಬುದೇ ದೊಡ್ಡ ಸಮಾಧಾನ. ಅಂಥ ಸಹಿಯನ್ನು ಕೌಂಟರಿಗೆ ದಾರ ಕಟ್ಟಿ ನೇತುಹಾಕಿದ ಬಾಲ್‌ಪೆನ್ನಿನಲ್ಲಿ ಹಾಕುವುದು ಹೇಗೆ?

ಅಂದು ಸಂಜೆ ವಾಚ್ ರಿಪೇರಿ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ, ಕೆಟ್ಟ ಗಡಿಯಾರಗಳ ನಡುವೆ, ಒಂದು ಹಳೆಯ ಶಾಯಿ ಪೆನ್ನು ಕಣ್ಣಿಗೆ ಬಿತ್ತು. ಅಂಗಡಿಯವನು ಅದನ್ನು ಶಾಯಿಗೆ ಅದ್ದಿ ಕೈಗೆ ಕೊಟ್ಟ. ಈ ಕಾಲದ ನಿಬ್ಬು ಮೊಳೆಯ ಹಾಗೆ ಗಡುಸು. ಆ ಕಾಲದ ನಿಬ್ಬು ಹಾಗಲ್ಲ. ಒತ್ತಿದರೆ ಬಾಗುತ್ತದೆ, ನಡುವಿನ ಸೀಳು ಅಗಲವಾಗಿ ಗೆರೆ ದಪ್ಪವಾಗುತ್ತದೆ. ಕೈ ಹಗುರ ಮಾಡಿದರೆ ಅದೇ ಗೆರೆ ಕೂದಲೆಳೆಯಾಗುತ್ತದೆ. ಗುಮಾಸ್ತರು ಒಂದು ಗೆರೆ ಎಳೆದರು. ಇನ್ನೊಂದು ಎಳೆದರು. ಅಂಗಡಿಯವನು ಬಾಗಿಲು ಹಾಕುವ ಹೊತ್ತಾಯಿತು ಎಂದು ಕೆಮ್ಮುವವರೆಗೂ ಎಳೆಯುತ್ತಲೇ ಇದ್ದರು.

ಅಲ್ಲಿಂದ ಮುಂದೆ ಮನೆ ಮನೆಯಾಗಿ ಉಳಿಯಲಿಲ್ಲ. ಒಂದಾದ ಮೇಲೊಂದರಂತೆ ಹಳೆಯ ಪೆನ್ನುಗಳು ಬಂದವು. ಒಂದರ ಮುಚ್ಚಳ ಇನ್ನೊಂದಕ್ಕೆ, ಯಾವುದರ ಮುಚ್ಚಳವೂ ಅದರದಕ್ಕಲ್ಲ. ಗುಮಾಸ್ತರ ಬಲಗೈಯ ಮೂರು ಬೆರಳು ಸದಾ ನೀಲಿ. ಬರವಣಿಗೆ ಸುಧಾರಿಸಿತೇ ಎಂದು ಮಾತ್ರ ಕೇಳಬಾರದು. ಅವರು ಬರೆದ 'ಅ' ತುಂಬು ಬಸುರಿ ಬಸವನಹುಳುವಿನ ಹಾಗಿರುತ್ತಿತ್ತು. ಒಮ್ಮೆ ದಿನಸಿಯ ಚೀಟಿಯನ್ನು ದಪ್ಪ ಗೆರೆ ಸಣ್ಣ ಗೆರೆ ಹಾಕಿ, ಕೊನೆಗೊಂದು ಬಳ್ಳಿ ಬಿಟ್ಟು ಬರೆದುಕೊಟ್ಟರೆ, ಅಂಗಡಿಯವನು ಎರಡು ಕೈಯಲ್ಲಿ ತೆಗೆದುಕೊಂಡು, "ಬಹಳ ಸಂತೋಷ ಸಾರ್. ಮದುವೆ ಯಾವತ್ತು?" ಅಂದ.

"ಮದುವೆಯಲ್ಲಪ್ಪ. ಸಾಬೂನು, ಉಪ್ಪು."

ಇದನ್ನೆಲ್ಲ ಹೆಂಡತಿ ಹೊಟ್ಟೆಗೆ ಹಾಕಿಕೊಂಡಿದ್ದರು. ಆದರೆ ಒಂದು ದಿನ ಹೊಸ ಹಾಸಿಗೆಯ ಹೊದಿಕೆಯ ಮೇಲೆ ಶಾಯಿ ಬಾಟಲಿ ಮಗುಚಿತು. ಹೆಂಡತಿ ಕೂಗಾಡಲಿಲ್ಲ. ಕೂಗಾಡಿದ್ದರೆ ಗುಮಾಸ್ತರಿಗೆ ಧೈರ್ಯವಿರುತ್ತಿತ್ತು. ಮೆಲ್ಲಗೆ ಹೇಳಿದರು: "ನೋಡ್ರೀ, ಇನ್ನೊಂದು ಪೆನ್ನು ಈ ಹೊಸಿಲು ದಾಟಿ ಒಳಗೆ ಬಂದ್ರೆ, ನಾನು ಇದೇ ಹೊಸಿಲು ದಾಟಿ ಹೊರಗೆ ಹೋಗ್ತೀನಿ. ಅಮ್ಮನ್ನ ಇಲ್ಲೇ ಬಿಟ್ಟು ಹೋಗ್ತೀನಿ."

ಆ ಕೊನೆಯ ಮಾತು ನಾಟಿತು. ಗುಮಾಸ್ತರ ಅತ್ತೆ ಅವರ ಮನೆಯಲ್ಲೇ ಇದ್ದರು. ಎಂಬತ್ತು ದಾಟಿದ ಜೀವ. ಕೈಯಲ್ಲಿ ಎರಡು ಚಿನ್ನದ ಬಳೆ, ಕಿವಿಯಲ್ಲಿ ಚಿನ್ನದ ಓಲೆ, ಬಾಯಲ್ಲಿ ಇನ್ನೂ ಉಳಿದ ಕೆಲವು ಹಲ್ಲು, ಅಷ್ಟೂ ಹಲ್ಲಿಗೆ ಕೆಲಸ ಕೊಡುವಷ್ಟು ಮಾತು. ಬೀದಿಯವರೆಲ್ಲ ಅವರನ್ನು ಅಜ್ಜಿ ಎಂದೇ ಕರೆಯುತ್ತಿದ್ದರು.

ಇಷ್ಟಾದರೂ ಮುಂದಿನ ತಿಂಗಳೇ ಒಂದು ಪೆನ್ನು ಬಂತು. ಗುಮಾಸ್ತರು ಅದನ್ನು ಕಾಲುಚೀಲದೊಳಗೆ ಇಟ್ಟು ತಂದರು. ಹೊಸಿಲು ದಾಟಿದ್ದು ಕಾಲು, ಪೆನ್ನಲ್ಲ ಎಂದು ವಾದಿಸಬಹುದು ಎಂಬುದು ಅವರ ಲೆಕ್ಕಾಚಾರ. ಕಪ್ಪು ಮೈ, ಚಿನ್ನದ ನಿಬ್ಬು, ಅತ್ತೆಯ ವಾರಿಗೆಯ ವಯಸ್ಸು. ಒತ್ತಿದರೆ ಬೆಣ್ಣೆಯ ಹಾಗೆ ಬಾಗುತ್ತಿತ್ತು. ಅವರು ಪ್ರೀತಿಯಿಂದ ಅದಕ್ಕೆ 'ಅಜ್ಜಿ' ಎಂದು ಹೆಸರಿಟ್ಟರು. ಮನೆಯಲ್ಲಿ ಒಬ್ಬ ಅಜ್ಜಿ ಇರುವಾಗ ಇನ್ನೊಂದಕ್ಕೆ ಅದೇ ಹೆಸರಿಡಬಾರದು ಎಂಬಷ್ಟು ಬುದ್ಧಿ ಇದ್ದಿದ್ದರೆ ಅವರು ಅಷ್ಟು ವರ್ಷ ನೀರಿನ ಬಿಲ್ಲಿನಲ್ಲೇ ಇರುತ್ತಿರಲಿಲ್ಲ.

ಈ ಅಜ್ಜಿಗೆ ಒಂದೇ ಕಾಯಿಲೆ. ಶಾಯಿ ಹಿಡಿದಿಡುವ ಒಳಗಿನ ರಬ್ಬರ್ ಚೀಲ ಹಳೆಯದಾಗಿ ಸೋರುತ್ತಿತ್ತು. ಹಳೆಯ ಪೆನ್ನು ರಿಪೇರಿ ಮಾಡುವವನೊಬ್ಬ ಬೇರೆ ಊರಿನಲ್ಲಿದ್ದ. ಪೆನ್ನಿನ ಹುಚ್ಚಿನವರೆಲ್ಲ ಅವನನ್ನು 'ಡಾಕ್ಟರು' ಎನ್ನುತ್ತಿದ್ದರು. ಒಂದು ಸಂಜೆ ಹೆಂಡತಿ ಅಡುಗೆಮನೆಯಲ್ಲಿದ್ದಾಗ ಗುಮಾಸ್ತರು ಮೆಲ್ಲಗೆ ಬಾಲ್ಕನಿಗೆ ಬಂದು ಅವನಿಗೆ ಫೋನು ಹಚ್ಚಿದರು.

ಪಕ್ಕದ ಬಾಲ್ಕನಿಯಲ್ಲಿ, ಒಣಗಲು ಹಾಕಿದ ದುಪ್ಪಟಿಯ ಹಿಂದೆ, ನಿವೃತ್ತ ರೈಲ್ವೆ ಗಾರ್ಡ್ ಕೂತಿದ್ದರು. ಅವರು ಇಡೀ ನೌಕರಿಯನ್ನು ರೈಲಿನ ಕೊನೆಯ ಡಬ್ಬಿಯಲ್ಲಿ ಕಳೆದವರು. ಮುಂದೆ ಏನು ನಡೆಯುತ್ತಿದೆ ಎಂಬುದು ಎಂದೂ ಕಾಣದೆ, ಎಲ್ಲವನ್ನೂ ಊಹಿಸಿಯೇ ಬದುಕಿದವರು. ಅವರ ಕಿವಿಗೆ ಬಿದ್ದದ್ದು ಇಷ್ಟು:

"ಡಾಕ್ಟ್ರೇ, ಅಜ್ಜಿ ಮತ್ತೆ ಸೋರ್ತಿದಾಳೆ... ಇಲ್ಲ ಇಲ್ಲ, ಬಗ್ಗೋದಕ್ಕೇನೂ ತೊಂದರೆ ಇಲ್ಲ. ನಾನೇ ದಿನಾ ಒತ್ತಿ ಬಗ್ಗಿಸ್ತೀನಲ್ಲ! ಎಷ್ಟು ಒತ್ತಿದ್ರೂ ಮುರಿಯಲ್ಲ, ಗಟ್ಟಿ ಜೀವ... ಕುತ್ತಿಗೆನಾ? ಬಿಸಿನೀರಲ್ಲಿ ಅದ್ದಿ, ಇಕ್ಕಳ ಹಾಕಿ ತಿರುಗಿಸಿದ್ರೆ ಬಂದ್ಬಿಡುತ್ತಾ?... ಅಯ್ಯೋ, ಹೆಂಡ್ತಿಗೆ ಗೊತ್ತಿಲ್ಲ. ಗೊತ್ತಾದ್ರೆ ನನ್ನ ಕಥೆ ಮುಗೀತು... ಆಗ್ಲಿ, ಹತ್ತಿ ಸುತ್ತಿ ಡಬ್ಬಿಗೆ ಹಾಕಿ ಪಾರ್ಸೆಲ್ ಮಾಡ್ತೀನಿ... ಸರಿಹೋಗ್ದಿದ್ರೆ ಇನ್ನೇನು, ಚಿನ್ನ ತೆಗೆದಿಟ್ಕೊಂಡು ಉಳಿದದ್ದು ಕಸದ ಬುಟ್ಟಿಗೆ!"

ಗಾರ್ಡರ ಕೈಯಲ್ಲಿದ್ದ ಚಹಾ ತಣ್ಣಗಾಯಿತು. ಮರುದಿನ ಗುಮಾಸ್ತರು ಕಚೇರಿಗೆ, ಅವರ ಹೆಂಡತಿ ಮಾರುಕಟ್ಟೆಗೆ ಹೋದದ್ದನ್ನು ಖಾತ್ರಿ ಮಾಡಿಕೊಂಡು ಗಾರ್ಡು ಬಂದು ಅವರ ಮನೆಯ ಬಾಗಿಲು ತಟ್ಟಿದರು.

"ಅಜ್ಜಿ, ಗಾಬರಿ ಆಗ್ಬೇಡಿ," ಎಂದು ಶುರುಮಾಡಿ, ಯಾರಿಗಾದರೂ ಗಾಬರಿಯಾಗುವಂತೆ ಎಲ್ಲವನ್ನೂ ಹೇಳಿದರು. "ನಿಮ್ಮ ಮಗಳಿಗೆ ಇದು ಏನೂ ಗೊತ್ತಿಲ್ಲ. ಪಾಪ, ಅವರ ಮನಸ್ಸು ಒಡೀಬೇಡಿ. ನಾನಿದೀನಿ."

ಅಜ್ಜಿ ಮೊದಲು ನಂಬಲಿಲ್ಲ. "ನಮ್ಮ ಅಳಿಯಂದ್ರಾ? ಅವರಿಗೆ ಜಿರಲೆ ಹೊಡೆಯೋಕೇ ಧೈರ್ಯ ಇಲ್ವಲ್ಲಪ್ಪ!"

ಆದರೆ ಆ ಸಂಜೆಯೇ ಅಳಿಯಂದಿರು ಒಂದು ಕೈಯಲ್ಲಿ ಹಬೆಯಾಡುವ ನೀರಿನ ಬಟ್ಟಲು, ಇನ್ನೊಂದು ಕೈಯಲ್ಲಿ ಇಕ್ಕಳ, ಕಂಕುಳಲ್ಲಿ ಹತ್ತಿಯ ಸುರುಳಿ ಹಿಡಿದು, ಕಳ್ಳಹೆಜ್ಜೆ ಇಡುತ್ತ ನಡುಮನೆ ದಾಟುತ್ತಿದ್ದರು. ಅಜ್ಜಿ ಕುರ್ಚಿಯಲ್ಲೇ ಸೆಟೆದು ಕೂತರು.

"ಅಳಿಯಂದ್ರೇ, ಆ ಬಿಸಿನೀರು ಯಾರಿಗೆ?"

ಗುಮಾಸ್ತರು ಅಡುಗೆಮನೆಯ ಕಡೆ ಒಂದು ಕಣ್ಣು ಹಾಯಿಸಿದರು. "ಶ್! ಏನಿಲ್ಲ ಅತ್ತೆ. ಸುಮ್ನೆ."

"ಮತ್ತೆ ಇಕ್ಕಳ?"

"ಅದೂ ಸುಮ್ನೆ. ನೀವು ನಿಶ್ಚಿಂತೆಯಾಗಿ ಮಲಗಿ."

ನಿಶ್ಚಿಂತೆಯಾಗಿ ಮಲಗಿ ಎಂಬ ಮಾತನ್ನು ಅಜ್ಜಿ ಜೀವಮಾನದಲ್ಲಿ ಇಷ್ಟು ಗಮನವಿಟ್ಟು ಕೇಳಿರಲಿಲ್ಲ. ಕೋಣೆಗೆ ಹೋಗಿ ಬಾಗಿಲ ಚಿಲಕ ಹಾಕಿ, ಬಾಗಿಲಿಗೆ ತಮ್ಮ ಟ್ರಂಕನ್ನೂ ಒತ್ತಿಟ್ಟು, ಮಗನಿಗೆ ಫೋನು ಮಾಡಿದರು. ಅತ್ತ ಗಾರ್ಡು ಹಿರಿಯರ ರಕ್ಷಣೆಯ ಇಲಾಖೆಗೂ, ಅದು ಸಾಲದೆಂದು ಗುಮಾಸ್ತರ ಮೇಲಧಿಕಾರಿಗೂ ಸುದ್ದಿ ಮುಟ್ಟಿಸಿದರು.

ಮೇಲಧಿಕಾರಿ ಗುಮಾಸ್ತರನ್ನು ಒಳಗೆ ಕರೆಸಿ, ಬಾಗಿಲು ಹಾಕಿಸಿ, ಕುರ್ಚಿ ತೋರಿಸಿದರು. ಕುರ್ಚಿ ತೋರಿಸಿದ್ದು ಅದೇ ಮೊದಲು.

"ಅಲ್ರೀ, ನಿಮ್ಮ ಮನೇಲಿ ಅಜ್ಜಿ ವಿಚಾರ ಏನೋ ಕೇಳ್ದೆ."

ಗುಮಾಸ್ತರ ಮುಖ ಅರಳಿತು. ತಮ್ಮ ಹವ್ಯಾಸದ ಕೀರ್ತಿ ಮೇಲಿನವರೆಗೂ ಮುಟ್ಟಿತಲ್ಲ! "ನಿಮಗೆ ಹೇಗೆ ಗೊತ್ತಾಯ್ತು ಸರ್? ದಯವಿಟ್ಟು ನನ್ನ ಹೆಂಡ್ತಿಗೆ ಮಾತ್ರ ಹೇಳ್ಬೇಡಿ."

"ಅಂದ್ರೆ... ನಿಜಾನಾ?"

"ನಿಜ ಸರ್. ಎಂಬತ್ತು ದಾಟಿದೆ, ಆದ್ರೂ ಏನು ಬಗ್ತಾಳೆ ಅಂತೀರಿ! ನೀವೂ ಒಂದ್ಸಲ ಕೈಯಲ್ಲಿ ಹಿಡಿದು ಒತ್ತಿ ನೋಡ್ಬೇಕು."

ಮೇಲಧಿಕಾರಿ ಕುರ್ಚಿಯನ್ನು ಹಿಂದಕ್ಕೆ ಸರಿಸಿದರು. "ನಾನು? ಬೇಡ."

"ಒಂದು ಸಾಕಾಗಲ್ಲ ಸರ್. ಇನ್ನೂ ಎರಡು ಮೂರು ಅಜ್ಜಿ ತರಬೇಕು ಅಂತಿದೀನಿ."

"ಎಲ್ಲಿಂದ ತರ್ತೀರಿ?"

"ಹಳೇ ಮನೆಗಳಲ್ಲಿ ಮೂಲೇಲಿ ಬಿದ್ದಿರ್ತಾವೆ ಸರ್, ಯಾರೂ ತಿರುಗಿ ನೋಡಲ್ಲ. ಮನೆಯವರಿಗೆ ಬೆಲೆ ಗೊತ್ತಿರಲ್ಲ. ನಯವಾಗಿ ಮಾತಾಡಿ ಎತ್ಕೊಂಡು ಬಂದ್ಬಿಡೋದು. ನಿಮ್ಮ ಮನೇಲೂ ಇರಬಹುದು, ಹುಡುಕಿ ನೋಡಿ."

ಮೇಲಧಿಕಾರಿ ಆ ಕ್ಷಣವೇ ತಮ್ಮ ಮನೆಗೆ ಫೋನು ಮಾಡಿ, "ಅಮ್ಮ ಎಲ್ಲಿದಾಳೆ? ಒಬ್ಬಳನ್ನೇ ಬಿಡಬೇಡಿ. ಯಾರು ಬಂದ್ರೂ ಬಾಗಿಲು ತೆಗೀಬೇಡಿ," ಎಂದರು. ಆಮೇಲೆ ಗುಮಾಸ್ತರ ಕಡೆ ತಿರುಗಿ ಮಗುವಿಗೆ ಹೇಳುವಷ್ಟು ಮೆಲುದನಿಯಲ್ಲಿ, "ನೀವು ಸ್ವಲ್ಪ ದಿನ ರಜ ತಗೊಳ್ಳಿ," ಎಂದರು. ತಮ್ಮ ವ್ಯಕ್ತಿತ್ವಕ್ಕೆ ಸಿಕ್ಕ ಮರ್ಯಾದೆ ಇದು ಎಂದುಕೊಂಡು ಗುಮಾಸ್ತರು ಎರಡು ಬಾರಿ ಕೈಮುಗಿದು ಹೊರಬಂದರು.

ಭಾನುವಾರ ಬೆಳಗ್ಗೆ ಗುಮಾಸ್ತರು ಬಚ್ಚಲುಮನೆಯಲ್ಲಿ ಕದ್ದು ಪೆನ್ನಿಗೆ ಶಾಯಿ ತುಂಬಿ ನೋಡುತ್ತಿದ್ದಾಗ ಹೊರಬಾಗಿಲು ಧಡಧಡ ಬಡಿದ ಸದ್ದಾಯಿತು. ಕೈಯಲ್ಲಿದ್ದದ್ದನ್ನು ಅಂಗಿಯ ಜೇಬಿಗೆ ಸೇರಿಸಿ ಹೊರಬರುವಷ್ಟರಲ್ಲಿ ನಡುಮನೆ ತುಂಬಿತ್ತು. ಹೆಂಡತಿಯ ಅಣ್ಣ ನಿಂತಿದ್ದರು. ಅವರದು ಲಾರಿ ಟೈರಿನ ಅಂಗಡಿ, ಗಾಳಿ ತುಂಬುವ ಯಂತ್ರದ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವರ ಗಂಟಲು ಆ ಮಟ್ಟದಲ್ಲೇ ನಿಂತುಬಿಟ್ಟಿತ್ತು. ಪಕ್ಕದಲ್ಲಿ ಕೈಚೀಲ ಹಿಡಿದ ಕನ್ನಡಕದ ಹೆಂಗಸು, ಹಿರಿಯರ ರಕ್ಷಣೆಯ ಅಧಿಕಾರಿ. ಅವರಿಬ್ಬರ ಹಿಂದೆ, ರೂಢಿಯಂತೆ ಕೊನೆಯಲ್ಲಿ, ಗಾರ್ಡು. ಅಜ್ಜಿ ತಮ್ಮ ಟ್ರಂಕಿನ ಮೇಲೆ ಕೂತಿದ್ದರು.

"ಏನ್ರೀ ಭಾವ!" ಎಂದು ಅಣ್ಣ ಗುಡುಗಿದರು. "ನನ್ನ ತಾಯಿಯನ್ನ ಪಾರ್ಸೆಲ್ ಮಾಡ್ತೀರಾ? ಕುತ್ತಿಗೆ ತಿರುಗಿಸ್ತೀರಾ? ನಾವೇನು ಸತ್ತುಹೋಗಿದೀವಾ? ನನ್ನ ತಾಯಿ ಇನ್ನು ಒಂದು ಕ್ಷಣ ಈ ಮನೇಲಿರಲ್ಲ!"

"ಸರಿ ಮಗ," ಎಂದು ಅಜ್ಜಿ ಎದ್ದರು. "ಟ್ರಂಕ್ ಎತ್ಕೋ. ನಿನ್ನ ಮನೆಗೇ ಬರ್ತೀನಿ. ಇನ್ನು ಸಾಯೋವರೆಗೂ ಅಲ್ಲೇ."

ಟೈರಿನಿಂದ ಗಾಳಿ ಇಳಿದ ಹಾಗಾಯಿತು. ಅಣ್ಣ ಟ್ರಂಕನ್ನು ನೋಡಿದರು, ತಾಯಿಯನ್ನು ನೋಡಿದರು, ಮನೆಯಲ್ಲಿರುವ ಹೆಂಡತಿಯನ್ನು ನೆನೆಸಿಕೊಂಡರು. "ಹಾಗಲ್ಲಮ್ಮ... ದುಡುಕಬಾರದು. ಭಾವನವರು ಹೇಳೋದನ್ನೂ ಕೇಳ್ಬೇಕಲ್ವಾ? ನೋಡಿದ್ರೆ ದೇವರಂಥ ಮನುಷ್ಯ!"

ಏನು ನಡೆಯುತ್ತಿದೆ ಎಂದು ತಿಳಿಯದೆ ಸೌಟು ಹಿಡಿದು ನಿಂತಿದ್ದ ಹೆಂಡತಿ ಮುಂದೆ ಬಂದರು. "ಏನ್ರೀ ಇದೆಲ್ಲ? ಯಾವ ಪಾರ್ಸೆಲ್ಲು?"

ಅಧಿಕಾರಿ ಚೀಟಿ ನೋಡಿಕೊಂಡು ಕೇಳಿದರು: "ಅಜ್ಜಿ ಸೋರ್ತಿದಾಳೆ ಅಂತ ಡಾಕ್ಟರಿಗೆ ಹೇಳಿದ್ದು ನೀವೇನಾ?"

ಆಗ ಗುಮಾಸ್ತರಿಗೆ ಎಲ್ಲವೂ ಹೊಳೆಯಿತು. ಒಂದು ಕಡೆ ಮುದುಕಿಯ ಕುತ್ತಿಗೆ ತಿರುಚುವ ಪಾತಕಿ ಎಂಬ ಹೆಸರು; ಇನ್ನೊಂದು ಕಡೆ ಹೆಂಡತಿಗೆ ಗೊತ್ತಾಗದಂತೆ ಪೆನ್ನು ತಂದವನೆಂಬ ಹೆಸರು. ಯಾವುದು ವಾಸಿ ಎಂದು ಅವರು ನಿಜವಾಗಿಯೂ ಯೋಚಿಸಿದರು. ಯೋಚಿಸಿದ ಹೊತ್ತು ಸ್ವಲ್ಪ ಜಾಸ್ತಿಯೇ ಆಯಿತು; ಅಧಿಕಾರಿ ಅದನ್ನೂ ಬರೆದುಕೊಂಡರು.

ಕೊನೆಗೆ ಬಾಯಿ ಬಿಡಲು ಹೊರಟರೆ, ಅವರಿಗಿಂತ ಮೊದಲು ಜೇಬು ಬಾಯಿಬಿಟ್ಟಿತು. ಬಿಳಿ ಅಂಗಿಯ ಎದೆಯ ಮೇಲೆ ನೀಲಿ ಮಚ್ಚೆಯೊಂದು ಮೂಡಿ, ಎಲ್ಲರೂ ನೋಡುತ್ತಿದ್ದಂತೆ ಹಿಗ್ಗುತ್ತ ಹೋಗಿ ಹೊಟ್ಟೆಯ ಕಡೆ ಇಳಿಯಿತು.

"ಅಯ್ಯೋ, ಇವರಿಗೇನೋ ಆಯ್ತು!" ಎಂದು ಗಾರ್ಡು ಕೂಗಿದರು. "ರಕ್ತ ನೀಲಿ ಇದೆ!"

"ಪೆನ್ನು," ಎಂದರು ಹೆಂಡತಿ. ಒಂದೇ ಪದ. ಗುಮಾಸ್ತರು ಜೇಬಿಗೆ ಕೈಹಾಕಿ, ತೊಟ್ಟಿಕ್ಕುತ್ತಿದ್ದ ಕಪ್ಪು ಪೆನ್ನನ್ನು ಎತ್ತಿ ಹಿಡಿದರು.

"ಇದೇ ಅಜ್ಜಿ," ಎಂದರು.

ಯಾರೂ ನಂಬಲಿಲ್ಲ. ಅವರು ನಿಬ್ಬು ತೋರಿಸಿದರು. ಉಗುರಿನ ಮೇಲೆ ಒತ್ತಿ ಬಗ್ಗಿಸಿ ತೋರಿಸಿದರು. ಕುತ್ತಿಗೆ ಎಂದರೆ ನಿಬ್ಬಿನ ಹಿಂದಿನ ಭಾಗ, ಚಿನ್ನ ಎಂದರೆ ಈ ಮೂತಿ, ಡಾಕ್ಟರು ಎಂದರೆ ರಿಪೇರಿಯವನು ಎಂದು ಬಿಡಿಸಿ ಹೇಳಿದರು. ಉತ್ಸಾಹದಲ್ಲಿ ಒಂದೆರಡು ಹನಿ ಅಧಿಕಾರಿಯ ಕನ್ನಡಕಕ್ಕೂ ಸಿಡಿಯಿತು. ಅಧಿಕಾರಿ ಒರೆಸಿಕೊಳ್ಳುತ್ತ, "ಸೋರೋದು ಮಾತ್ರ ನಿಜ," ಎಂದು ಒಪ್ಪಿಕೊಂಡರು.

ಗುಮಾಸ್ತರು ಉಸಿರು ಬಿಟ್ಟರು. ಅಲ್ಲಿಗೆ ಮುಗಿಯಿತು ಎಂದುಕೊಂಡರು. ಅತ್ತೆಯನ್ನು ಅವರು ಇನ್ನೂ ಅರಿತಿರಲಿಲ್ಲ.

"ಅಂದ್ರೆ ಆವತ್ತು ಬಿಸಿನೀರು ಕಾಯಿಸಿದ್ದು ಈ ಕಡ್ಡಿಗಾ?" ಎಂದು ಅಜ್ಜಿ ಶುರುಮಾಡಿದರು. ಕೊಲೆಯ ಭಯ ಹೋದ ಜಾಗದಲ್ಲಿ ಈಗ ಅವಮಾನ ಬಂದು ಕೂತಿತ್ತು. "ನಾನು ಕಾಲು ನೋವು ಅಂತ ಒಂದು ಬೋಗುಣಿ ಬಿಸಿನೀರು ಕೇಳಿದ್ರೆ, ಆಮೇಲೆ ಅತ್ತೆ, ಆಮೇಲೆ ಅತ್ತೆ! ಇದಕ್ಕೆ ಹತ್ತಿ, ಇದಕ್ಕೆ ಮೆತ್ತನೆ ಬಟ್ಟೆ, ಇದಕ್ಕೆ ದೂರದ ಊರಿನ ಡಾಕ್ಟ್ರು! ನನ್ನ ಹಲ್ಲಿನ ಡಾಕ್ಟ್ರು ನಮ್ಮ ಬೀದಿ ಕೊನೇಲೇ ಇದಾರೆ, ಕರ್ಕೊಂಡು ಹೋಗೋಕೆ ಯಾರಿಗೂ ಪುರುಸೊತ್ತಿಲ್ಲ. ಕುತ್ತಿಗೆ ತಿರುಗಿಸಿದ್ರೂ ಇಷ್ಟು ಬೇಜಾರಾಗ್ತಿರಲಿಲ್ಲ ಕಣಪ್ಪ."

ಗಾರ್ಡು ಕಣ್ಣೊರೆಸಿಕೊಂಡರು. ಅಣ್ಣನವರು, ತಾವು ತಾಯಿಗೆ ಕೊನೆಯ ಬಾರಿ ಬಿಸಿನೀರು ಕೊಟ್ಟದ್ದು ಯಾವಾಗ ಎಂದು ಯಾರಾದರೂ ಕೇಳುವ ಮೊದಲೇ ಕಿಟಕಿಯ ಹೊರಗೆ ನೋಡತೊಡಗಿದರು. ಗುಮಾಸ್ತರಿಗೆ ಮೊದಲ ಬಾರಿಗೆ ನಾಚಿಕೆಯಾಯಿತು. ಅತ್ತೆ ಹೇಳಿದ ಒಂದು ಮಾತೂ ಸುಳ್ಳಾಗಿರಲಿಲ್ಲ.

"ತಪ್ಪಾಯ್ತು ಅತ್ತೆ," ಎಂದರು. "ನಾಳೆಯೇ ಹಲ್ಲಿನ ಡಾಕ್ಟ್ರ ಹತ್ರ ಹೋಗೋಣ."

ಅಧಿಕಾರಿಗೆ ಕೆಲಸ ಮುಗಿಸುವ ಆತುರ. 'ನಾನು ಮಗಳ ಮನೆಯಲ್ಲಿ ಸುಖವಾಗಿದ್ದೇನೆ, ನನಗೆ ಯಾರಿಂದಲೂ ತೊಂದರೆ ಇಲ್ಲ' ಎಂದು ಒಂದು ಹಾಳೆಯಲ್ಲಿ ಬರೆದು, "ಒಪ್ಪಿಗೆ ಇದ್ರೆ ಸಹಿ ಹಾಕಿ ಅಮ್ಮ," ಎಂದು ತಮ್ಮ ಬಾಲ್‌ಪೆನ್ನು ಚಾಚಿದರು.

ಅಜ್ಜಿ ಅದನ್ನು ಮುಟ್ಟಲಿಲ್ಲ. ಅಳಿಯನ ಕಡೆ ಕೈ ನೀಡಿದರು. "ಆ ನನ್ನ ಸವತಿಯನ್ನೇ ಕೊಡಿ. ಅದರಲ್ಲೇ ಹಾಕ್ತೀನಿ."

ಎಲ್ಲರ ಕಣ್ಣೂ ಗುಮಾಸ್ತರ ಮೇಲೆ. ಆ ನಿಬ್ಬನ್ನು ಅವರು ತಮ್ಮ ಎಡಗೈಗೂ ಮುಟ್ಟಗೊಡುತ್ತಿರಲಿಲ್ಲ. "ಅತ್ತೆ, ಸ್ವಲ್ಪ ಮೆಲ್ಲಗೆ... ಹೂವಿನ ಹಾಗೆ ಹಿಡ್ಕೊಂಡು..." ಎಂದು ಹೇಳಹೊರಟವರು, ಅಧಿಕಾರಿಯ ಹುಬ್ಬು ಏರಿದ್ದನ್ನು ಕಂಡು ನಾಲಿಗೆ ಕಚ್ಚಿಕೊಂಡು ಪೆನ್ನು ಕೊಟ್ಟರು.

ಅಜ್ಜಿ ಎಲ್ಲ ಕೆಲಸವನ್ನೂ ಮೈಯ ಬಲ ಹಾಕಿ ಮಾಡಿದವರು. ಮೇಜಿನ ಮೇಲೆ ಮೊಣಕೈ ಊರಿ, ಕಲ್ಲಿನ ಮೇಲೆ ಕೆತ್ತುವ ಹಾಗೆ ಹೆಸರು ಬರೆಯತೊಡಗಿದರು. ಆಗ ಗುಮಾಸ್ತರು ಒಂದು ಆಶ್ಚರ್ಯ ಕಂಡರು. ಅಷ್ಟು ತಿಂಗಳು ತಾವು ಎಷ್ಟು ತಿಣುಕಿದರೂ ಬಾರದ ಗೆರೆ ಅಜ್ಜಿಯ ಕೈಯಿಂದ ಬರುತ್ತಿತ್ತು. ಕೆಳಗಿಳಿಯುವಾಗ ನದಿಯ ಹಾಗೆ ಅಗಲ, ಮೇಲೇರುವಾಗ ಎಲ್ಲಿ ಕಳೆದುಹೋಯಿತೋ ಎನ್ನುವಷ್ಟು ಸಣ್ಣ. ಅಕ್ಷರಗಳು ಹಾಳೆಯ ಮೇಲೆ ಉಸಿರಾಡುತ್ತಿದ್ದವು. ಅವರು ಶಾಯಿಯ ಅಂಗಿಯನ್ನೂ ಹೆಂಡತಿಯ ಮುಖವನ್ನೂ ಮರೆತು ಬಾಗಿ ನೋಡಿದರು.

ಕೊನೆಯ ಅಕ್ಷರಕ್ಕೆ ಅಜ್ಜಿ ಉಳಿದ ಬಲವನ್ನೆಲ್ಲ ಹಾಕಿದರು. ಟಿಕ್ ಎಂದಿತು. ಚಿನ್ನದ ನಿಬ್ಬಿನ ಎರಡು ಹೋಳು, ಜಗಳವಾಡಿದ ಅಣ್ಣತಮ್ಮಂದಿರ ಹಾಗೆ, ಒಂದು ಆಕಾಶದ ಕಡೆ, ಒಂದು ನೆಲದ ಕಡೆ ಮುಖ ಮಾಡಿದವು.

"ಏನೋ ಮುರೀತು ಅಂತ ಕಾಣುತ್ತೆ," ಎಂದರು ಅಜ್ಜಿ.

ಗುಮಾಸ್ತರು ನಕ್ಕರು. ಹೇಗೆ ನಕ್ಕರೋ ಅವರಿಗೇ ಗೊತ್ತಿಲ್ಲ. "ಪರವಾಗಿಲ್ಲ ಅತ್ತೆ. ನಿಮಗಿಂತ ಹೆಚ್ಚಾ?"

ಅಧಿಕಾರಿ ಮೆಚ್ಚಿ ತಲೆದೂಗಿ, 'ಅಳಿಯನ ನಡತೆ ಉತ್ತಮ' ಎಂದು ಬರೆದು, ಹಾಳೆಯನ್ನು ಮಡಿಸಿ ಕೈಚೀಲಕ್ಕೆ ಹಾಕಿಕೊಂಡರು. ಅಣ್ಣನವರು ಟ್ರಂಕನ್ನು ತಾವೇ ಹೊತ್ತು ಅಜ್ಜಿಯ ಕೋಣೆಯಲ್ಲಿಟ್ಟು, ಊಟಕ್ಕೂ ನಿಲ್ಲದೆ ಓಡಿದರು. ಹೆಂಡತಿ ಹೊಸಿಲು ದಾಟಲಿಲ್ಲ. ಉಳಿದ ಪೆನ್ನುಗಳನ್ನೆಲ್ಲ ಅಕ್ಕಿಯ ಡಬ್ಬದ ತಳದಲ್ಲಿಟ್ಟು, ಅದರ ಮೇಲೆ ಅಕ್ಕಿ ಸುರಿದರು. ಅತ್ತೆಗೆ ಸಂಜೆ ಸಂಜೆ ಬಿಸಿನೀರು ಕಾಯಿಸುವ ಕೆಲಸ ಗುಮಾಸ್ತರ ಪಾಲಿಗೆ ಬಂತು. ಹಲ್ಲಿನ ಡಾಕ್ಟರ ಬಳಿಗೂ ಹೋಗಿ ಬಂದದ್ದಾಯಿತು.

ಆದರೆ ಆ ಗೆರೆ ಅವರನ್ನು ಬಿಡಲಿಲ್ಲ. ಆ ಪೆನ್ನು ಬರೆದ ಅತ್ಯಂತ ಚೆಂದದ ಬರಹ, ಇನ್ನೆಂದೂ ಬರೆಯಲಾರದ ಬರಹ, ಸರ್ಕಾರದ ಯಾವುದೋ ಬೀರುವಿನಲ್ಲಿ ಕೊಳೆಯುತ್ತಿದೆ ಎಂದು ದಿನಾ ನೆನೆಯುತ್ತಿದ್ದರು. ತಡೆಯಲಾಗದೆ ಒಂದು ದಿನ ಹಿರಿಯರ ರಕ್ಷಣೆಯ ಕಚೇರಿಗೆ ಹೋದರು.

"ಮೇಡಂ, ನಮ್ಮತ್ತೆ ಸಹಿ ಹಾಕಿದ ಹಾಳೆ ನನಗೆ ಬೇಕಿತ್ತು."

"ಯಾಕೆ? ಏನಾಯ್ತು?"

"ಏನೂ ಆಗಿಲ್ಲ. ಸಹಿ ಬಹಳ ಚೆನ್ನಾಗಿದೆ. ಮೇಲಿರೋ ಬರಹ ನನಗೆ ಬೇಡ, ನೀವೇ ಕತ್ತರಿಸಿ ಇಟ್ಕೊಳ್ಳಿ. ನನಗೆ ಆ ಸಹಿ ಒಂದು ಸಿಕ್ಕಿದ್ರೆ ಸಾಕು. ಅತ್ತೆಗೆ ಗೊತ್ತಾಗೋದೂ ಬೇಡ."

ಅಧಿಕಾರಿ ಕನ್ನಡಕ ತೆಗೆದು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಕೂತ್ಕೊಳ್ಳಿ," ಎಂದರು. ಆಮೇಲೆ ಫೋನು ಎತ್ತಿಕೊಂಡು, ಬಾಯಿಗೆ ಕೈ ಅಡ್ಡ ಹಿಡಿದು, ಆದರೂ ಚೆನ್ನಾಗಿ ಕೇಳುವಂತೆ ಕೇಳಿದರು: "ಟೈರ್ ಅಂಗಡಿಯವರಾ? ನಿಮ್ಮ ತಾಯಿ ಹೆಸರಲ್ಲಿ ಆಸ್ತಿ ಏನೇನಿದೆ?"